ತಪ್ಪಿದ್ದದ್ದು 11ರಲ್ಲಿ, ಕತ್ತರಿ ಬಿದ್ದದ್ದು 2ರಲ್ಲಿ: ಡಿಎನ್‌ಎ, ಜೀನ್, ಕ್ರೋಮೋಸೋಮ್ ಮತ್ತು ಜೀವಕೋಶದ ನಂಟು

2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಕ್ಯಾಸ್ಜೆವಿ ಎಂಬ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಮರುತಿಂಗಳೇ ಅಮೆರಿಕವೂ ಕೊಟ್ಟಿತು. ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಮಾಡಿ, ಹೀಗೆ ಒಪ್ಪಿಗೆ ಪಡೆದ ಮೊದಲ ಚಿಕಿತ್ಸೆ ಅದು. ಮುಖ್ಯವಾಗಿ ಸಿಕಲ್ ಸೆಲ್ ಕಾಯಿಲೆ ಇರುವವರಿಗೆ. ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗುತ್ತವೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಬರುವ ನೋವು ದಿನಗಟ್ಟಲೆ ಮನುಷ್ಯನನ್ನು ಹಿಂಡಿಬಿಡುತ್ತದೆ.

'ಕೆಟ್ಟ ಜೀನನ್ನು ಹುಡುಕಿ ಸರಿ ಮಾಡಿದರು' ಎಂದು ಈ ಸುದ್ದಿಯನ್ನು ಓದಿಕೊಳ್ಳುವುದು ಸಹಜ. ಆದರೆ ನಡೆದದ್ದು ಬೇರೆ. ಕಾಯಿಲೆಗೆ ಕಾರಣವಾದ ತಪ್ಪು ಇರುವುದು 11ನೇ ಕ್ರೋಮೋಸೋಮ್‌ನಲ್ಲಿ. ಕತ್ತರಿ ಬಿದ್ದದ್ದು 2ನೇ ಕ್ರೋಮೋಸೋಮ್‌ನಲ್ಲಿ. ತಪ್ಪಿರುವ ಜಾಗವನ್ನು ಮುಟ್ಟಲೇ ಇಲ್ಲ. ಆದರೂ ಪ್ರಯೋಗದಲ್ಲಿ ಸಾಕಷ್ಟು ಕಾಲ ಗಮನಿಸಿದ 31 ರೋಗಿಗಳಲ್ಲಿ 29 ಜನರಿಗೆ ಕನಿಷ್ಠ ಒಂದು ವರ್ಷ ಆ ತೀವ್ರ ನೋವು ಮರುಕಳಿಸಲಿಲ್ಲ.

ಹೇಗೆ?

ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಜೀವಕೋಶದೊಳಗೆ ಕೋಶಕೇಂದ್ರ, ಅದರೊಳಗೆ ಕ್ರೋಮೋಸೋಮ್ ಅಂದರೆ ವರ್ಣತಂತು, ಅದರಲ್ಲಿ ಜೀನ್, ಜೀನ್ ಆಗಿರುವುದು ಡಿಎನ್‌ಎಯಿಂದ. ಒಂದರೊಳಗೆ ಒಂದು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟನ್ನೇ ಇಟ್ಟುಕೊಂಡು ಹೊರಟರೆ ಮೇಲಿನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಡಿಎನ್‌ಎ, ಜೀನ್, ಕ್ರೋಮೋಸೋಮ್ ಮೂರೂ ಒಂದೇ ಎಳೆಯನ್ನು ಬೇರೆ ಬೇರೆ ದೂರದಿಂದ ನೋಡಿದಾಗ ಕಾಣುವ ರೂಪಗಳು. ಆ ಎಳೆಯ ಯಾವ ಭಾಗವನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಅನ್ನುವುದು ತೀರ್ಮಾನವಾಗುವುದು ಜೀವಕೋಶದಲ್ಲಿ. ಜೀನ್ ಬಗ್ಗೆ ಬರುವ ಸುದ್ದಿಗಳಲ್ಲಿ ಮೊದಲು ಕೈಬಿಟ್ಟು ಹೋಗುವುದು ಈ ಜೀವಕೋಶವೇ. ಗೊಂದಲ ಹುಟ್ಟುವುದೂ ಅಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ.

ಎಳೆಯಿಂದಲೇ ಶುರು ಮಾಡೋಣ. ಡಿಎನ್‌ಎ ಎಂಬುದು ಉದ್ದನೆಯ ಒಂದು ಅಣು. ಅದರ ಉದ್ದಕ್ಕೂ ನಾಲ್ಕು ಬಗೆಯ ರಾಸಾಯನಿಕ ತುಣುಕುಗಳು ಸಾಲಾಗಿ ಜೋಡಣೆಯಾಗಿವೆ. ಅವನ್ನು ಎ, ಟಿ, ಜಿ, ಸಿ ಎಂಬ ಅಕ್ಷರಗಳಿಂದ ಗುರುತಿಸುತ್ತಾರೆ. ಎರಡು ಎಳೆ ಎದುರುಬದುರು ಹೆಣೆದುಕೊಂಡಿರುತ್ತವೆ. ಒಂದು ಕಡೆ ಎ ಇದ್ದರೆ ಎದುರಿಗೆ ಟಿ, ಜಿ ಇದ್ದರೆ ಎದುರಿಗೆ ಸಿ. ಹೀಗಾಗಿ ಒಂದು ಎಳೆ ಸಿಕ್ಕರೆ ಇನ್ನೊಂದನ್ನು ಬರೆದುಕೊಳ್ಳಬಹುದು. ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಾಗುವುದು ಇದರಿಂದಲೇ. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಈ ರಚನೆಯನ್ನು ಪ್ರಕಟಿಸಿದರು. ಅದಕ್ಕೆ ರೊಸಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದಲ್ಲಿ ತೆಗೆದ ಎಕ್ಸ್‌ರೇ ಚಿತ್ರಗಳ ಆಧಾರವಿತ್ತು.

ತಂದೆಯಿಂದ ಬಂದ ಒಂದು ಸೆಟ್‌ನಲ್ಲಿ ಸುಮಾರು 310 ಕೋಟಿ ಅಕ್ಷರ ಜೋಡಿಗಳು. ತಾಯಿಯಿಂದ ಬಂದದ್ದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಒಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 2 ಮೀಟರ್ ಉದ್ದ. ಅದು ಕೂತಿರುವ ಕೋಶಕೇಂದ್ರದ ಅಗಲ ಸುಮಾರು 6 ಮೈಕ್ರೋಮೀಟರ್. ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಆರು ಭಾಗ.

ಇಷ್ಟು ಉದ್ದದ್ದು ಅಷ್ಟು ಚಿಕ್ಕ ಜಾಗದಲ್ಲಿ ಸುಮ್ನೆ ತುರುಕಿಕೊಂಡಿಲ್ಲ. ಮೊದಲನೆಯದಾಗಿ ಅದು ಒಂದೇ ಎಳೆಯಾಗಿಲ್ಲ, 46 ತುಂಡುಗಳಾಗಿದೆ. ಪ್ರತಿ ತುಂಡೂ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿದೆ. ಎಂಟು ಹಿಸ್ಟೋನ್‌ಗಳ ಒಂದು ಗುಂಪಿಗೆ 147 ಅಕ್ಷರ ಜೋಡಿಗಳಷ್ಟು ಡಿಎನ್‌ಎ ಒಂದೂವರೆ ಸುತ್ತಿಗಿಂತ ತುಸು ಜಾಸ್ತಿ ಸುತ್ತುತ್ತದೆ. ಸ್ವಲ್ಪ ಮುಂದೆ ಹೋಗಿ ಇನ್ನೊಂದು ಗುಂಪಿಗೆ ಸುತ್ತುತ್ತದೆ. ಒಂದು ತುಂಡು ಡಿಎನ್‌ಎ ಮತ್ತು ಅದು ಸುತ್ತಿಕೊಂಡ ಪ್ರೋಟೀನ್ ಸೇರಿದರೆ ಒಂದು ಕ್ರೋಮೋಸೋಮ್. ನೂಲನ್ನು ಉಂಡೆ ಸುತ್ತಿದಂತೆ ಅಂದುಕೊಳ್ಳಿ. ಉಂಡೆಯೂ ನೂಲೇ.

ಪುಸ್ತಕಗಳಲ್ಲಿ ಕಾಣುವ ಇಂಗ್ಲಿಷ್ ಎಕ್ಸ್ ಅಕ್ಷರದಂಥ ಚಿತ್ರ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಕ್ರೋಮೋಸೋಮ್ ಆ ಆಕಾರಕ್ಕೆ ಬರುವುದು ಜೀವಕೋಶ ಒಡೆದು ಎರಡಾಗುವ ಸ್ವಲ್ಪ ಹೊತ್ತು ಮಾತ್ರ. ಆಗಲೂ ಆ ಎಕ್ಸ್‌ನಲ್ಲಿರುವುದು ನಡುವೆ ಅಂಟಿಕೊಂಡ ಎರಡು ನಕಲು. ಉಳಿದ ಸಮಯದಲ್ಲಿ ಅದು ಸಡಿಲವಾಗಿ ಹರಡಿಕೊಂಡಿರುತ್ತದೆ. ಕೆಲವು ಕಡೆ ಬಿಗಿ, ಕೆಲವು ಕಡೆ ತೆರೆದು. ತೆರೆದಿರುವ ಕಡೆ ಓದಲು ಸಾಧ್ಯ. ಬಿಗಿಯಾಗಿರುವ ಕಡೆ ಕಷ್ಟ. ಕ್ರೋಮೋಸೋಮ್ ಕೇವಲ ಸಾಮಾನು ಕಟ್ಟಿಡುವ ವ್ಯವಸ್ಥೆಯಲ್ಲ ಎಂದು ಹೇಳುವುದು ಇದಕ್ಕೇ. ಕಟ್ಟಿದ ರೀತಿಯೇ ಏನನ್ನು ಓದಬಹುದು ಅನ್ನುವುದನ್ನೂ ನಿರ್ಧರಿಸುತ್ತದೆ.

ಇನ್ನು ಜೀನ್. ಅದು ಈ ಎಳೆಯ ಮೇಲಿನ ಒಂದು ಜಾಗ, ಅಷ್ಟೆ. ಅದಕ್ಕೆ ಬೇಲಿ ಇಲ್ಲ, ಬೇರೆ ಬಣ್ಣವಿಲ್ಲ. ಅಕ್ಕಪಕ್ಕದ ಡಿಎನ್‌ಎಯಲ್ಲಿರುವ ಅದೇ ನಾಲ್ಕು ಅಕ್ಷರಗಳು ಅಲ್ಲೂ ಇವೆ. ಅಲ್ಲಿಂದ ಇಲ್ಲಿವರೆಗಿನ ಸಾಲನ್ನು ನಕಲು ಮಾಡಿಕೊಂಡು ಜೀವಕೋಶ ಒಂದು ಪ್ರೋಟೀನನ್ನೋ ಇನ್ನಾವುದೋ ಉಪಯೋಗದ ಅಣುವನ್ನೋ ತಯಾರಿಸುತ್ತದೆ ಎಂದರೆ ಆ ಸಾಲು ಜೀನ್. ಪ್ರೋಟೀನ್ ತಯಾರಿಗೆ ಬೇಕಾದ ಜೀನ್‌ಗಳು ಮನುಷ್ಯನಲ್ಲಿ ಸುಮಾರು 20,000. ಅವುಗಳಲ್ಲಿ ನಿಜಕ್ಕೂ ಪ್ರೋಟೀನಿನ ಸೂಚನೆ ಬರೆದಿರುವ ಅಕ್ಷರಗಳನ್ನೆಲ್ಲ ಕೂಡಿಸಿದರೂ ಒಟ್ಟು ಡಿಎನ್‌ಎಯಲ್ಲಿ ಶೇ 2 ಕೂಡ ಆಗುವುದಿಲ್ಲ.

ಒಂದೇ ಜೀನನ್ನು ಹತ್ತಿರದಿಂದ ನೋಡೋಣ. ಎಚ್‌ಬಿಬಿ ಎಂಬುದು ಅದರ ಹೆಸರು. 11ನೇ ಕ್ರೋಮೋಸೋಮ್‌ನಲ್ಲಿರುವ ಸುಮಾರು 13.5 ಕೋಟಿ ಅಕ್ಷರಗಳ ಪೈಕಿ ಇದರದ್ದು 1,600ರಷ್ಟು. ಅದರಲ್ಲೂ ಪ್ರೋಟೀನಿಗೆ ಲೆಕ್ಕಕ್ಕೆ ಬರುವುದು 444 ಅಕ್ಷರ ಮಾತ್ರ. ಅವೂ ಒಟ್ಟಿಗೆ ಇಲ್ಲ, ಮೂರು ತುಂಡಾಗಿ ಹಂಚಿಹೋಗಿವೆ. ಜೀವಕೋಶ ನಕಲು ತೆಗೆದ ಮೇಲೆ ನಡುವಿನದನ್ನು ಕತ್ತರಿಸಿ, ಬೇಕಾದದ್ದನ್ನು ಜೋಡಿಸಿಕೊಳ್ಳುತ್ತದೆ. ಅದರಿಂದ ಬರುವುದು ಬೀಟಾ ಗ್ಲೋಬಿನ್, ಹಿಮೋಗ್ಲೋಬಿನ್‌ನ ಒಂದು ಭಾಗ. ಇನ್ನೊಂದು ಭಾಗವಾದ ಆಲ್ಫಾ ಗ್ಲೋಬಿನ್‌ಗೆ ಸೂಚನೆ ಇರುವುದು 16ನೇ ಕ್ರೋಮೋಸೋಮ್‌ನಲ್ಲಿ. ಎರಡು ಆಲ್ಫಾ, ಎರಡು ಬೀಟಾ ಸೇರಿದರೆ ಒಂದು ಹಿಮೋಗ್ಲೋಬಿನ್. ಒಂದೊಂದು ಕೆಂಪು ಕಣದಲ್ಲಿ ಅಂಥವು 25 ಕೋಟಿಗೂ ಜಾಸ್ತಿ. ಎರಡು ಬೇರೆ ಬೇರೆ ಕ್ರೋಮೋಸೋಮ್‌ಗಳಲ್ಲಿರುವ ಸೂಚನೆ ಇಷ್ಟು ಅಚ್ಚುಕಟ್ಟಾಗಿ ಒಂದೇ ಕಣದಲ್ಲಿ ಸೇರುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಸಿಕಲ್ ಸೆಲ್ ಕಾಯಿಲೆಯಲ್ಲಿ ಎಚ್‌ಬಿಬಿಯ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಜಿಎಜಿ ಇರಬೇಕಾದಲ್ಲಿ ಜಿಟಿಜಿ. ಇದರಿಂದ ಪ್ರೋಟೀನಿನ ಸಾಲಿನಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ತುಣುಕು ಬರಬೇಕಾದ ಕಡೆ ವ್ಯಾಲಿನ್ ಎಂಬ ತುಣುಕು ಬರುತ್ತದೆ. ವ್ಯಾಲಿನ್‌ಗೆ ನೀರೆಂದರೆ ಆಗುವುದಿಲ್ಲ. ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಕಡ್ಡಿಗಳಾಗುತ್ತದೆ. ಕಡ್ಡಿಗಳು ಒಳಗಿನಿಂದ ಒತ್ತಿ ಕಣವನ್ನು ಬಾಗಿಸುತ್ತವೆ. ಇದು ಅಣುವಿನ ಮಟ್ಟದ ಕಾಯಿಲೆ ಎಂದು ಲೈನಸ್ ಪಾಲಿಂಗ್ ತಂಡ 1949ರಲ್ಲಿ ತೋರಿಸಿತು. ತಪ್ಪಿರುವುದು ಇಂಥದ್ದೇ ಜಾಗದಲ್ಲಿ ಎಂದು ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಮ್ ಹುಡುಕಿದರು.

ಒಂದು ಪರೀಕ್ಷೆಗೆ ಕಂಡದ್ದು ಇನ್ನೊಂದಕ್ಕೆ ಕಾಣದು

ಈ ಮಟ್ಟಗಳ ವ್ಯತ್ಯಾಸ ಬರೀ ಪಾಠದ ವಿಷಯವಲ್ಲ. ಆಸ್ಪತ್ರೆಯಿಂದ ವರದಿ ಕೈಗೆ ಬಂದಾಗ ಅದು ನೇರವಾಗಿ ನಮಗೆ ತಟ್ಟುತ್ತದೆ.

ಮನುಷ್ಯನ ಕ್ರೋಮೋಸೋಮ್ ಎಷ್ಟು? 46 ಎಂದು ಖಚಿತವಾದದ್ದು 1956ರಲ್ಲಿ, ಜೋ ಹಿನ್ ತ್ಜಿಯೊ ಮತ್ತು ಆಲ್ಬರ್ಟ್ ಲೆವಾನ್ ಅವರಿಂದ. ಅದಕ್ಕೆ ಮುಂಚೆ ದಶಕಗಳ ಕಾಲ 48 ಎಂದೇ ನಂಬಿದ್ದರು. ಈ ಸಂಖ್ಯೆಗೂ ಪ್ರಾಣಿ ಎಷ್ಟು 'ಮುಂದುವರಿದಿದೆ' ಎಂಬುದಕ್ಕೂ ಸಂಬಂಧವಿಲ್ಲ. ಏಷ್ಯಾದ ಕಾಡುಗಳಲ್ಲಿ ಕಾಡುಕುರಿ ಎಂಬ ಸಣ್ಣ ಜಿಂಕೆ ಇದೆಯಲ್ಲ, ಅದರ ಭಾರತೀಯ ಪ್ರಭೇದದ ಹೆಣ್ಣಿಗೆ 6, ಗಂಡಿಗೆ 7 ಕ್ರೋಮೋಸೋಮ್. ಅದರ ಹತ್ತಿರದ ನಂಟ, ಚೀನಾದ ಕಾಡುಕುರಿಗೆ 46. ಎಷ್ಟು ತುಂಡು ಮಾಡಿದೆ ಎಂಬುದಷ್ಟೇ ಬೇರೆ. ಒಳಗಿನ ಜೀನ್‌ಗಳು ಬಹುಮಟ್ಟಿಗೆ ಒಂದೇ.

ಆದರೆ ಒಂದು ಜೀವಿಯಲ್ಲಿ ಇರಬೇಕಾದ ಸಂಖ್ಯೆ ಹೆಚ್ಚುಕಡಿಮೆಯಾದರೆ ಕಥೆಯೇ ಬೇರೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. 1959ರಲ್ಲಿ ಜೆರೋಮ್ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ವರದಿ ಮಾಡಿದರು. ಗಮನಿಸಿ, ಇಲ್ಲಿ ಯಾವ ಜೀನಿನಲ್ಲೂ ಅಕ್ಷರ ತಪ್ಪಿರಬೇಕಿಲ್ಲ. ಆ ಕ್ರೋಮೋಸೋಮ್ ಮೇಲಿನ 200ಕ್ಕೂ ಹೆಚ್ಚು ಜೀನ್‌ಗಳು ಸರಿಯಾಗಿಯೇ ಇದ್ದು, ಎರಡರ ಬದಲು ಮೂರು ಪ್ರತಿ ಇವೆ. ತಪ್ಪಿರುವುದು ಪ್ರಮಾಣ.

ಈಗ ಪರೀಕ್ಷೆಗೆ ಬನ್ನಿ. ಕ್ಯಾರಿಯೋಟೈಪ್ ಪರೀಕ್ಷೆಯಲ್ಲಿ ಒಡೆಯುತ್ತಿರುವ ಜೀವಕೋಶಗಳನ್ನು ತಡೆದು ನಿಲ್ಲಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್‌ಗಳನ್ನು ಎಣಿಸುತ್ತಾರೆ. ಹೆಚ್ಚುವರಿ ಕ್ರೋಮೋಸೋಮ್ ಅದರಲ್ಲಿ ಎದ್ದು ಕಾಣುತ್ತದೆ. ಒಂದರ ತುಂಡು ಹೋಗಿ ಇನ್ನೊಂದಕ್ಕೆ ಅಂಟಿಕೊಂಡಿದ್ದರೂ ಸಾಮಾನ್ಯವಾಗಿ ಕಾಣುತ್ತದೆ. ಆದರೆ ಸುಮಾರು 50 ಲಕ್ಷ ಅಕ್ಷರಕ್ಕಿಂತ ಚಿಕ್ಕ ಬದಲಾವಣೆ ಅದರ ಕಣ್ಣಿಗೆ ಬೀಳುವುದು ಕಷ್ಟ. ಒಂದು ಅಕ್ಷರ ಬದಲಾದ ಸಿಕಲ್ ಸೆಲ್ ಅಂತೂ ಸಾಧ್ಯವೇ ಇಲ್ಲ. 'ಕ್ರೋಮೋಸೋಮ್ ನಾರ್ಮಲ್' ಎಂಬ ವರದಿ ಹಿಡಿದುಕೊಂಡು 'ಹಾಗಾದರೆ ವಂಶದ ಕಾಯಿಲೆ ಏನೂ ಇಲ್ಲ ಅಲ್ವಾ?' ಎಂದು ನಿರಾಳರಾದರೆ ಅದು ಆ ವರದಿ ಹೇಳದ ಮಾತನ್ನು ಕೇಳಿಸಿಕೊಂಡಂತೆ.

ತಿರುಗಿಸಿ ನೋಡಿದರೂ ಅಷ್ಟೇ. ಕೆಲವು ಜೀನ್‌ಗಳ ಅಕ್ಷರಗಳನ್ನು ಮಾತ್ರ ಓದುವ ಪರೀಕ್ಷೆಗೆ, ಎರಡು ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡದ್ದು ಗೊತ್ತಾಗದೇ ಹೋಗಬಹುದು. ಯಾಕೆಂದರೆ ಅಕ್ಷರಗಳೆಲ್ಲ ಇವೆ, ಕೂತಿರುವ ಜಾಗ ಬೇರೆಯಾಗಿದೆ. ಅಂಥವರು ಸ್ವತಃ ಆರೋಗ್ಯವಾಗಿದ್ದರೂ ಪದೇ ಪದೇ ಗರ್ಭಪಾತ ಆಗಬಹುದು. ಆದ್ದರಿಂದ ಯಾವುದೇ ವರದಿ ಕೈಗೆ ಬಂದಾಗ ವೈದ್ಯರನ್ನು ಮೊದಲು ಕೇಳಬೇಕಾದದ್ದು ಇದು: ಈ ಪರೀಕ್ಷೆ ನೋಡಿದ್ದು ಕ್ರೋಮೋಸೋಮನ್ನೋ, ಕೆಲವು ಜೀನ್‌ಗಳನ್ನೋ, ಇಡೀ ಡಿಎನ್‌ಎಯನ್ನೋ? ಇದನ್ನು ಕೇಳುವುದು ಉದ್ಧಟತನವಲ್ಲ, ನಮ್ಮ ಹಕ್ಕು.

ಓದುವುದು ಜೀವಕೋಶ

ಮನುಷ್ಯನ ದೇಹದಲ್ಲಿ 30 ಲಕ್ಷ ಕೋಟಿಗೂ ಹೆಚ್ಚು ಜೀವಕೋಶಗಳಿವೆ ಎಂಬುದು ಅಂದಾಜು. ಸಿಕಲ್ ಸೆಲ್ ರೋಗಿಯ ಮೆದುಳಿನ ಕೋಶದಲ್ಲೂ ಆ ತಪ್ಪು ಅಕ್ಷರ ಇದೆ. ಚರ್ಮದಲ್ಲೂ ಇದೆ, ಯಕೃತ್ತಿನಲ್ಲೂ ಇದೆ. ಎಲ್ಲವೂ ಒಂದೇ ಮೊದಲ ಕೋಶದಿಂದ ನಕಲಾಗಿ ಬಂದವಲ್ಲವೇ? ಆದರೆ ಚರ್ಮದ ಕೋಶ ಎಚ್‌ಬಿಬಿಯನ್ನು ಓದುವುದೇ ಇಲ್ಲ. ಅಲ್ಲಿ ಆ ತಪ್ಪು ಇದ್ದೂ ಇಲ್ಲದಂತೆ. ಅದನ್ನು ಓದುವುದು ಮೂಳೆಮಜ್ಜೆಯಲ್ಲಿ ಕೆಂಪು ಕಣವಾಗಲು ಹೊರಟ ಕೋಶಗಳು.

ಓದದ ಜೀನ್ ಕಳೆದುಹೋಗಿರುವುದಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಜಾನ್ ಗರ್ಡನ್ ಕಪ್ಪೆಮರಿಯ ಕರುಳಿನ ಕೋಶದಿಂದ ಕೋಶಕೇಂದ್ರ ತೆಗೆದು ಮೊಟ್ಟೆಗೆ ಹಾಕಿ ಹೊಸ ಕಪ್ಪೆಗಳನ್ನೇ ಬೆಳೆಸಿದರು, 1960ರ ದಶಕದಲ್ಲಿ. 1996ರಲ್ಲಿ ಹುಟ್ಟಿದ ಡಾಲಿ ಕುರಿ ಬಂದದ್ದು ಕೆಚ್ಚಲಿನ ಕೋಶದಿಂದ. ಇಡೀ ಪ್ರಾಣಿಗೆ ಬೇಕಾದ ಸೂಚನೆ ಅಲ್ಲೇ ಮುಚ್ಚಿಕೊಂಡು ಕೂತಿತ್ತು. (ಎಲ್ಲ ಕೋಶಗಳೂ ಹೀಗೆ ಅನ್ನುವಂತಿಲ್ಲ. ಅಂಡಾಣು, ವೀರ್ಯಾಣುಗಳಲ್ಲಿ 23 ಕ್ರೋಮೋಸೋಮ್ ಮಾತ್ರ. ರೋಗದ ವಿರುದ್ಧ ಹೋರಾಡುವ ಕೆಲವು ಬಿಳಿ ಕಣಗಳು ತಮ್ಮ ಡಿಎನ್‌ಎಯನ್ನೇ ಕತ್ತರಿಸಿ ಬೇರೆ ರೀತಿ ಜೋಡಿಸಿಕೊಳ್ಳುತ್ತವೆ.)

ಬೆಳೆದ ಕೆಂಪು ರಕ್ತಕಣದ ವಿಷಯ ಇನ್ನೂ ವಿಚಿತ್ರ. ಅದಕ್ಕೆ ಕೋಶಕೇಂದ್ರವೇ ಇಲ್ಲ. ಹಿಮೋಗ್ಲೋಬಿನ್‌ಗೆ ಜಾಗ ಮಾಡಿಕೊಡಲು ಬೆಳೆಯುವಾಗಲೇ ಅದನ್ನು ಹೊರಗೆ ಹಾಕಿಬಿಟ್ಟಿರುತ್ತದೆ. ಅಂದರೆ ಕಾಯಿಲೆ ಕಾಣುವ ಕಣದಲ್ಲಿ ಸರಿಮಾಡಲು ಜೀನೇ ಇಲ್ಲ! ಆ ಕಣ ಬದುಕುವುದು ಸುಮಾರು 120 ದಿನ. ಪ್ರತಿ ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣಗಳು ತಯಾರಾಗುತ್ತಲೇ ಇರುತ್ತವೆ. ಏನಾದರೂ ಮಾಡಬೇಕೆಂದರೆ ಅವು ಹುಟ್ಟುವ ಮಜ್ಜೆಯ ಕಾಂಡಕೋಶಗಳಿಗೇ ಕೈಹಾಕಬೇಕು.

ಸರಿ, ಕೈಹಾಕಿ ಏನು ಮಾಡುವುದು? ಇಲ್ಲಿ ಸುಳಿವು ಕೊಟ್ಟದ್ದು ಎಳೆಮಕ್ಕಳು. ಈ ಕಾಯಿಲೆ ಇರುವ ಮಕ್ಕಳು ಹುಟ್ಟಿದ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತಾರೆ. 1948ರಲ್ಲೇ ಜಾನೆಟ್ ವಾಟ್ಸನ್ ಎಂಬ ಮಕ್ಕಳ ವೈದ್ಯೆ ಇದನ್ನು ಗಮನಿಸಿ, ಗರ್ಭದಲ್ಲಿದ್ದಾಗ ಬಳಸುವ ಬೇರೊಂದು ಹಿಮೋಗ್ಲೋಬಿನ್ ಮಗುವನ್ನು ಕಾಯುತ್ತಿರಬೇಕು ಎಂದು ಊಹಿಸಿದ್ದರು. ಊಹೆ ಸರಿಯಿತ್ತು. ಆ ಹಿಮೋಗ್ಲೋಬಿನ್‌ಗೆ ಬೇಕಾದ ಜೀನ್‌ಗಳು 11ನೇ ಕ್ರೋಮೋಸೋಮ್‌ನಲ್ಲೇ, ಎಚ್‌ಬಿಬಿಯ ಪಕ್ಕದಲ್ಲೇ ಇವೆ. ಹುಟ್ಟಿದ ಮೇಲೆ ಅವುಗಳ ಓದು ನಿಲ್ಲುತ್ತಾ ಬರುತ್ತದೆ, ಎಚ್‌ಬಿಬಿಯ ಓದು ಶುರುವಾಗುತ್ತದೆ. ಸಿಕಲ್ ಸೆಲ್ ಕಾಯಿಲೆ ತಲೆ ಎತ್ತುವುದು ಆಗ. ಸರಿಯಾಗಿ ಕೆಲಸ ಮಾಡಬಲ್ಲ ಜೀನ್ ರೋಗಿಯ ಮಜ್ಜೆಯಲ್ಲಿ ಜೀವಮಾನವಿಡೀ ಇರುತ್ತದೆ, ಆದರೆ ಮುಚ್ಚಿಕೊಂಡಿರುತ್ತದೆ.

ಮುಚ್ಚುವವರು ಯಾರು? ಬಿಸಿಎಲ್‌11ಎ ಎಂಬ ಜೀನ್‌ನಿಂದ ತಯಾರಾಗುವ ಪ್ರೋಟೀನ್. ಸ್ಟುವರ್ಟ್ ಆರ್ಕಿನ್, ವಿಜಯ್ ಶಂಕರನ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ತೋರಿಸಿದರು. ಈ ಜೀನ್ ಇರುವುದು 2ನೇ ಕ್ರೋಮೋಸೋಮ್‌ನಲ್ಲಿ. ಅಲ್ಲಿ ತಯಾರಾದ ಪ್ರೋಟೀನ್ ಹೋಗಿ 11ನೇ ಕ್ರೋಮೋಸೋಮ್ ಮೇಲೆ ಕೂತು, ಎಚ್‌ಬಿಬಿಯ ಪಕ್ಕದ ಆ ಜೀನ್‌ಗಳನ್ನು ಸುಮ್ಮನಾಗಿಸುತ್ತದೆ. ಹಾಗಾದರೆ ಬಿಸಿಎಲ್‌11ಎಯನ್ನೇ ಕೆಡಿಸಿಬಿಟ್ಟರೆ ಆಯಿತಲ್ಲ? ಆಗುವುದಿಲ್ಲ. ಮೆದುಳಿನ ಬೆಳವಣಿಗೆಗೂ ಕೆಲವು ಬಿಳಿ ಕಣಗಳಿಗೂ ಅದು ಬೇಕು. ಕಾಂಡಕೋಶದಲ್ಲಿ ಪೂರ್ತಿ ಕೆಡಿಸಿದರೆ ಅದರಿಂದ ಹುಟ್ಟುವ ಬೇರೆ ಕಣಗಳಿಗೆ ಪೆಟ್ಟು.

ಇದಕ್ಕೆ ಕಂಡುಕೊಂಡ ದಾರಿ ಬಹಳ ಸೂಕ್ಷ್ಮವಾದದ್ದು. ಆ ಜೀನಿನ ನಡುವೆಯೇ, ಪ್ರೋಟೀನಿನ ಸೂಚನೆ ಇಲ್ಲದ ಭಾಗದಲ್ಲಿ, ಒಂದು ಸ್ವಿಚ್ ಇದೆ. ಕೆಂಪು ಕಣವಾಗಲು ಹೊರಟ ಕೋಶಗಳು ಬಿಸಿಎಲ್‌11ಎಯನ್ನು ಜೋರಾಗಿ ಓದಲು ನೆಚ್ಚಿಕೊಂಡಿರುವುದು ಈ ಸ್ವಿಚ್ಚನ್ನು. ಬಿಳಿ ಕಣಗಳು ಇದನ್ನು ನೆಚ್ಚಿಕೊಂಡಿಲ್ಲ. ಕ್ಯಾಸ್ಜೆವಿ ಕತ್ತರಿಸುವುದು ಇದನ್ನೇ. ಆಗ ಕೆಂಪು ಕಣವಾಗುವ ಕೋಶಗಳಲ್ಲಿ ಮುಚ್ಚುವ ಪ್ರೋಟೀನ್ ಕಡಿಮೆಯಾಗಿ, ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ. ರೋಗಿಯ ಕಾಂಡಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಸ್ವಿಚ್ ಮುರಿದು, ಉಳಿದ ಹಳೆ ಮಜ್ಜೆಯನ್ನು ಕೀಮೋ ಔಷಧದಿಂದ ಖಾಲಿ ಮಾಡಿಸಿ, ಸರಿಮಾಡಿದ ಕೋಶಗಳನ್ನು ವಾಪಸ್ ಸೇರಿಸುತ್ತಾರೆ. ಸುಲಭದ ಚಿಕಿತ್ಸೆಯಲ್ಲ ಇದು. ಆ ಕೀಮೋದಿಂದ ಮಕ್ಕಳಾಗುವ ಶಕ್ತಿಗೇ ತೊಂದರೆಯಾಗಬಹುದು.

ಅಂದರೆ ಒಂದು ಕಾಯಿಲೆ ವಾಸಿಯಾಗಲು ಎರಡು ಕ್ರೋಮೋಸೋಮ್, ಹಲವು ಜೀನ್, ಜೀನ್ ಸೂಚನೆಯ ನಡುವಿನ 'ಖಾಲಿ' ಡಿಎನ್‌ಎ, ಒಂದು ಬಗೆಯ ಕೋಶ ಇಷ್ಟೂ ಬೇಕಾಯಿತು. ಸಿಕಲ್ ಸೆಲ್ ಅಂಥ ಒಂದೇ ಅಕ್ಷರದ ಕಾಯಿಲೆಗೇ ಇಷ್ಟು. 'ಬುದ್ಧಿವಂತಿಕೆಯ ಜೀನ್ ಪತ್ತೆ', 'ಎತ್ತರದ ಜೀನ್ ಪತ್ತೆ' ಎಂಬ ತಲೆಬರಹ ಕಂಡಾಗ ನನಗೆ ಬೇಸರವಾಗುವುದು ಇದಕ್ಕೇ. 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ನೋಡಿದ ಅಧ್ಯಯನ, ಎತ್ತರಕ್ಕೆ ಸಂಬಂಧಿಸಿದ 12,111 ಜಾಗಗಳನ್ನು ಗುರುತಿಸಿತು. ಒಂದೊಂದರ ಪಾಲು ಅತ್ಯಲ್ಪ.

ಯಾವ ಕೋಶ ಕೈಗೆ ಸಿಗುತ್ತದೆ?

ಮುಂದಿನ ವರ್ಷಗಳಲ್ಲಿ ಇಂಥ ಸುದ್ದಿಗಳು ಜಾಸ್ತಿಯಾಗುತ್ತವೆ. ಓದುವಾಗ ಯಾವ ಜೀನ್ ಎಂದು ಕೇಳಿದಷ್ಟೇ ಮುಖ್ಯವಾಗಿ ಯಾವ ಕೋಶ ಎಂದೂ ಕೇಳಬೇಕು. ರಕ್ತದ ಕಾಂಡಕೋಶವನ್ನು ಹೊರತೆಗೆದು ವಾಪಸ್ ಹಾಕಬಹುದು. ಔಷಧ ಹೊತ್ತ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳನ್ನು ರಕ್ತಕ್ಕೆ ಚುಚ್ಚಿದರೆ ಅವು ತಾವಾಗಿಯೇ ಹೋಗಿ ಯಕೃತ್ತನ್ನು ಸೇರುತ್ತವೆ. 2025ರಲ್ಲಿ ಅಮೆರಿಕದಲ್ಲಿ ಅಮೋನಿಯಾ ಹೊರಹಾಕಲಾಗದ ಅಪರೂಪದ ಕಾಯಿಲೆಯ ಒಂದು ಮಗುವಿಗೆ, ಆ ಮಗುವಿಗಾಗಿಯೇ ತಯಾರಿಸಿದ ಜೀನ್ ತಿದ್ದುವ ಔಷಧ ಕೊಟ್ಟದ್ದು ಹೀಗೇ. ಸಿಪಿಎಸ್1 ಎಂಬ ಆ ಜೀನ್ ಮುಖ್ಯವಾಗಿ ಕೆಲಸ ಮಾಡುವುದು ಯಕೃತ್ತಿನಲ್ಲಿ. ಮೆದುಳು, ಸ್ನಾಯುಗಳ ವಿಷಯದಲ್ಲಿ ಇಷ್ಟು ಸಲೀಸಿಲ್ಲ. ತಪ್ಪು ಅಕ್ಷರ ಗೊತ್ತಿದ್ದರೂ ಬೇಕಾದಷ್ಟು ಕೋಶಗಳಿಗೆ ಔಷಧ ತಲುಪಿಸುವುದು ಅಲ್ಲಿ ಬಹಳ ಕಷ್ಟ.

ಇನ್ನೂ ಒಂದು ಬಗೆಯ ಕೋಶದ ಬಗ್ಗೆ ಹೇಳಲೇಬೇಕು. ಅಂಡಾಣು, ವೀರ್ಯಾಣು. ಅಲ್ಲಿ ಮಾಡಿದ ಬದಲಾವಣೆ ಮುಂದಿನ ಪೀಳಿಗೆಗೂ ಹೋಗುತ್ತದೆ. ಭ್ರೂಣದಲ್ಲಿ ಮಾಡಿದ್ದೂ ಅಷ್ಟೇ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣದ ಜೀನ್ ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಪ್ರಕಟಿಸಿದಾಗ ಜಗತ್ತಿನ ವಿಜ್ಞಾನಿಗಳು ಸಿಟ್ಟಾದರು. ಮರುವರ್ಷ ಅವರಿಗೆ 3 ವರ್ಷ ಜೈಲು ಶಿಕ್ಷೆಯಾಯಿತು. ಸಿಟ್ಟಾದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಒಪ್ಪಿಗೆ ಕೊಡಲಾಗದ ಮಕ್ಕಳ ಪ್ರತಿ ಕೋಶದ ಮೇಲೂ, ಅವರಿಗೆ ಮುಂದೆ ಹುಟ್ಟಬಹುದಾದವರ ಮೇಲೂ ಮಾಡಿದ ಪ್ರಯೋಗ ಅದು.

ಕ್ಯಾಸ್ಜೆವಿ ಹಾಗಲ್ಲ. ಅದು ರಕ್ತದ ಕೋಶಗಳಲ್ಲಿ ಮಾತ್ರ ಉಳಿಯುತ್ತದೆ. ಇದರ ಇನ್ನೊಂದು ಮುಖವನ್ನು ಚಿಕಿತ್ಸೆ ಪಡೆದವರಿಗೆ ಬಿಡಿಸಿ ಹೇಳುವುದು ಬಹಳ ಅಗತ್ಯ. ನೋವು ನಿಂತಿದೆ, ಓಡಾಡುತ್ತಿದ್ದಾರೆ, ಮದುವೆಯ ಮಾತು ನಡೆದಿದೆ. ಆದರೆ ಅವರ ಅಂಡಾಣು ಅಥವಾ ವೀರ್ಯಾಣುಗಳಲ್ಲಿ 11ನೇ ಕ್ರೋಮೋಸೋಮ್ ಮೊದಲಿನ ಹಾಗೆಯೇ ಇದೆ. ಎಚ್‌ಬಿಬಿಯ ಎರಡೂ ಪ್ರತಿಗಳಲ್ಲಿ ಆ ತಪ್ಪು ಇರುವವರಾದರೆ, ಪ್ರತಿ ಮಗುವಿಗೂ ಒಂದು ತಪ್ಪು ಪ್ರತಿ ಹೋಗಿಯೇ ಹೋಗುತ್ತದೆ. ಸಂಗಾತಿಯ ಎಚ್‌ಬಿಬಿಯಲ್ಲಿ ಯಾವ ತಪ್ಪೂ ಇಲ್ಲದಿದ್ದರೆ ಮಕ್ಕಳು ವಾಹಕರಾಗುತ್ತಾರೆ, ಅವರಿಗೆ ಈ ಕಾಯಿಲೆ ಬರುವುದಿಲ್ಲ. ಸಂಗಾತಿಯೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 50. ವಾಹಕರೋ ಅಲ್ಲವೋ ಎಂದು ತಿಳಿಯಲು ಸಂಗಾತಿಯ ಒಂದು ರಕ್ತಪರೀಕ್ಷೆ ಸಾಕು. ಅದನ್ನು ಮೊದಲೇ ಮಾಡಿಸಿಕೊಳ್ಳಬೇಕು.